ಒಂಬತ್ತು ಹೆಸರಿನ ಪಟ್ಟಿ

ಅಜ್ಜೀಪುರದ ದೊಡ್ಡಮಾದಪ್ಪನ ಮಗ ಪುಟ್ಟಸಿದ್ದಯ್ಯನಿಗೆ ಮಾತು ಕಡಿಮೆ, ಉಸಿರು ಹೆಚ್ಚು. ಕಬಡ್ಡಿ ಕಣದಲ್ಲಿ ಗೆರೆ ದಾಟಿ ಒಳಹೊಕ್ಕನೆಂದರೆ, ಎದುರಿನ ಏಳು ಜನ ಸುತ್ತುಗಟ್ಟಿದರೂ ಅವನ ಉಸಿರು ಹರಿಯುತ್ತಿರಲಿಲ್ಲ. ನಾಲ್ಕು ಜನ ಮೇಲೆ ಬಿದ್ದಿದ್ದರೂ ಅವರನ್ನು ಹೊತ್ತುಕೊಂಡೇ ತೆವಳಿ ಬಂದು ನಡುಗೆರೆಗೆ ಬೆರಳು ಮುಟ್ಟಿಸುತ್ತಿದ್ದ. ಎದ್ದು ನಿಂತ ಮೇಲೆ ಮಾತ್ರ ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಅಂಗಿಯ ಚುಂಗು ಹಿಡಿದು ತಿರುವುತ್ತಿದ್ದ.

ತಾಯಿ ತೀರಿಕೊಂಡ ಮೇಲೆ ಅಪ್ಪ ಅವನನ್ನು ಕೊಳ್ಳೇಗಾಲದಲ್ಲಿ ಓದಲು ಬಿಟ್ಟಿದ್ದ. ಹಾಸ್ಟೆಲಿನಲ್ಲಿ ಊಟ, ಹೈಸ್ಕೂಲಿನಲ್ಲಿ ಪಾಠ, ಸಂಜೆ ಆಟ. ಆಗ ಕೊಳ್ಳೇಗಾಲ ಮದರಾಸು ರಾಜ್ಯಕ್ಕೆ ಸೇರಿತ್ತು, ಜಿಲ್ಲೆ ಕೊಯಮತ್ತೂರು. ಅಲ್ಲಿಂದ ಹತ್ತು ಮೈಲಿ ದೂರದ ಯಳಂದೂರು ಮೈಸೂರು ರಾಜ್ಯ. ಹೀಗಾಗಿ ಕೊಳ್ಳೇಗಾಲದ ಹುಡುಗರು ಪಂದ್ಯಕ್ಕೆಂದು ಘಟ್ಟ ಇಳಿದು ಕೊಯಮತ್ತೂರಿಗೆ ಹೋಗಬೇಕಿತ್ತು. ಬಸ್ಸಿನಲ್ಲಿ ವಾಂತಿ ಮಾಡಿಕೊಂಡು, ತಲೆ ತಿರುಗುತ್ತಿರುವಾಗಲೇ ಕಣಕ್ಕಿಳಿದು, ಮೊದಲ ಪಂದ್ಯದಲ್ಲೇ ಸೋತು ಬರುವುದು ಎರಡು ವರ್ಷದಿಂದ ರೂಢಿಯಾಗಿತ್ತು.

ಸಾವಿರದ ಒಂಬೈನೂರ ಐವತ್ತೊಂದರ ಬೇಸಿಗೆ ರಜೆಗೆ ಮುಂಚೆ ಈ ತಂಡ ಯಳಂದೂರಿಗೆ ಬಂದು ಒಂದು ಸ್ನೇಹದ ಪಂದ್ಯ ಆಡಿತು. ಯಳಂದೂರು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಶಿವನಂಜಯ್ಯ ಗೆರೆಯ ಹತ್ತಿರವೇ ಕುಕ್ಕರುಗಾಲಿನಲ್ಲಿ ಕೂತು ಪುಟ್ಟಸಿದ್ದಯ್ಯನೊಬ್ಬನನ್ನೇ ನೋಡಿದರು. ಆಟ ಮುಗಿದ ಮೇಲೆ ಅವನನ್ನು ಪಕ್ಕಕ್ಕೆ ಕರೆದರು.

"ನಿನಗೆ ಈ ಊರಲ್ಲಿ ಯಾರಾದರೂ ಇದ್ದಾರೇನೋ?"

"ಅಕ್ಕ ಅವ್ರೆ ಸಾ. ಕೊಟ್ಟು ನಾಕು ವರ್ಷಾಯ್ತು."

"ಹಾಗಾದ್ರೆ ಟಿ.ಸಿ. ತಗೊಂಡು ಇಲ್ಲಿಗೆ ಬಂದ್ಬಿಡು. ದಸರೆ ಹೊತ್ತಿಗೆ ಮೈಸೂರಲ್ಲಿ ಹೈಸ್ಕೂಲುಗಳ ಪಂದ್ಯ ಇರುತ್ತೆ. ನಿನ್ನನ್ನ ಅಲ್ಲಿ ಆಡಿಸ್ತೀನಿ. ಕೊಯಮತ್ತೂರಿಗೆ ಹೋಗಿ ವಾಂತಿ ಮಾಡ್ಕೊಳೋದು ಸಾಕು."

ಪುಟ್ಟಸಿದ್ದಯ್ಯ ಅಂಗಿಯ ಚುಂಗು ತಿರುವುತ್ತಾ ಬಸ್ಸು ಹತ್ತಿದ. ಆದರೆ ಆ ರಜೆಯೆಲ್ಲ ಅಜ್ಜೀಪುರದ ಹೊಲದಲ್ಲಿ ಕಲ್ಲು ಆಯುವಾಗ ಅವನಿಗೆ ಅದೇ ಯೋಚನೆ. ಜೂನ್ ತಿಂಗಳಲ್ಲಿ ಕೊಳ್ಳೇಗಾಲಕ್ಕೆ ಹೋಗಿ, ಯಾರಿಗೂ ಹೇಳದೆ, ಹೆಡ್‌ಮಾಸ್ಟರ ಕೋಣೆಯಿಂದ ಟಿ.ಸಿ. ತೆಗೆದುಕೊಂಡು ಬಂದುಬಿಟ್ಟ. ಹಾಸ್ಟೆಲಿನಲ್ಲಿ ಅವನ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದವನು ತಂಡದ ನಾಯಕ ಮುತ್ತಯ್ಯ. ಮೂರು ವರ್ಷ ಒಂದೇ ತಟ್ಟೆಯ ಉಪ್ಪಿನಕಾಯಿ ನೆಕ್ಕಿದವರು. ಅವನಿಗೂ ಹೇಳಲಿಲ್ಲ. ಹೇಳಬೇಕೆಂದು ಬಾಗಿಲ ತನಕ ಹೋಗಿದ್ದ. ಒಳಗೆ ಮುತ್ತಯ್ಯ ಯಾವುದಕ್ಕೋ ಗಟ್ಟಿಯಾಗಿ ನಗುತ್ತಿದ್ದ. ಪುಟ್ಟಸಿದ್ದಯ್ಯ ಹಿಂದಿರುಗಿದ.

ಯಳಂದೂರಿನಲ್ಲಿ ಅಕ್ಕ ಪುಟ್ಟಮಾದಮ್ಮನ ಮನೆ. ಭಾವ ಮಾದಸ್ವಾಮಿ ರೇಷ್ಮೆ ಹುಳು ಸಾಕುತ್ತಿದ್ದ. ಬೆಳಿಗ್ಗೆ ಸೊಪ್ಪು ಕೊಯ್ದು ತಂದು ಹುಳಕ್ಕೆ ಹಾಕಿ, ಆಮೇಲೆ ಸ್ಕೂಲು. ಸಂಜೆ ಕಬಡ್ಡಿ. ಹೊಸ ಹುಡುಗರು ಇವನ ಮಾತಿನ ಎಳೆತ ಕೇಳಿ "ಮದ್ರಾಸು ಸ್ವಾಮಿ" ಎಂದು ಕರೆದರು. ಆಟದಲ್ಲಿ ಯಾರೂ ಅವನನ್ನು ಹಿಡಿಯಲಾರದೆ ಹೋದಾಗ ಆ ಹೆಸರಿಗೆ ಒಂದಿಷ್ಟು ಮರ್ಯಾದೆಯೂ ಬಂತು. ಶಿವನಂಜಯ್ಯ ಮೈಸೂರಿಗೆ ಕಳಿಸುವ ಪಟ್ಟಿ ಬರೆದರು. ಒಂಬತ್ತು ಹೆಸರು: ಆಡುವವರು ಏಳು, ಬದಲಿಗೆ ಇಬ್ಬರು. ಮೊದಲನೆಯ ಹೆಸರೇ ಇವನದು.

ಹದಿನೈದು ದಿನಕ್ಕೆ ಪಟ್ಟಿ ವಾಪಸು ಬಂತು. ಮೊದಲನೆಯ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ. ಬೇರೆ ಸ್ಕೂಲಿನಿಂದ ಬಂದ ವಿದ್ಯಾರ್ಥಿ ಒಂದು ವರ್ಷ ತುಂಬುವ ತನಕ ಹೊಸ ಸ್ಕೂಲಿನ ತಂಡದಲ್ಲಿ ಆಡುವಂತಿಲ್ಲ. ತಂದೆ ವಾಸ ಬದಲಿಸಿದ ಕಾರಣಕ್ಕೆ ಬಂದಿದ್ದರೆ ಮಾತ್ರ ಆಡಬಹುದು, ಅದಕ್ಕೆ ಊರ ಪಟೇಲರ ರುಜು ಬೇಕು ಎಂದು ಕೆಳಗೆ ಬರೆದಿತ್ತು. ಆಟಗಾರರನ್ನು ಸ್ಕೂಲಿನಿಂದ ಸ್ಕೂಲಿಗೆ ಸೆಳೆಯಬಾರದೆಂದು ಮಾಡಿದ ನಿಯಮ. ಶಿವನಂಜಯ್ಯನವರಿಗೆ ಅದು ಗೊತ್ತಿಲ್ಲದ್ದೇನೂ ಅಲ್ಲ. ಆದರೆ ಅದು ಮೈಸೂರಿನ ಸ್ಕೂಲುಗಳ ಒಳಗಿನ ಮಾತು, ಮದರಾಸಿನಿಂದ ಬಂದವನಿಗೆ ತಗಲುವುದಿಲ್ಲ ಎಂದುಕೊಂಡಿದ್ದರು.

"ನಿಮ್ಮಪ್ಪ ಇಲ್ಲೇ ವಾಸವಾಗಿದ್ದಾನೆ ಅಂತ ಒಂದು ಕಾಗದ ಮಾಡಿಸಿಬಿಡು," ಎಂದರು. "ಹೆಬ್ಬೆಟ್ಟು ಒತ್ತಿದ್ರೆ ಸಾಕು. ಯಾರು ಬಂದು ನೋಡ್ತಾರೆ?"

ಪುಟ್ಟಸಿದ್ದಯ್ಯ ಶನಿವಾರ ಊರಿಗೆ ಹೊರಟ. ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಲು ನಿಂತಾಗ ಮುತ್ತಯ್ಯ ಎದುರಿಗೇ ಸಿಕ್ಕಿದ. ಜೊತೆಗೆ ಹಳೆಯ ತಂಡದ ಇಬ್ಬರು.

"ಏನ್ಲಾ, ಮೈಸೂರ್ ದಿವಾನ್ರು ನಮ್ಮೂರ ದೂಳ್ ತುಳೀತಾವ್ರೆ?" ಎಂದ ಮುತ್ತಯ್ಯ. "ಅರಮನೇಲಿ ಊಟ ಎಂಗದೆ?"

"ಊರಿಗೋಯ್ತಾ ಇವ್ನಿ ಕಣ್ಲಾ," ಎಂದ ಪುಟ್ಟಸಿದ್ದಯ್ಯ.

"ಓಗು ಓಗು. ಡ್ರಿಲ್ ಪಿರಿಯಡ್ನಾಗೆ ಎಸ್ರು ಕೂಗ್ದಾಗ ನಿಂದು ಬರ್ನಿಲ್ಲ. ನಾನು ಸಾರ್‌ಗೇ ತಿರುಗುಸ್ ಕ್ಯೋಳ್ದೆ, ಒಂದೆಸ್ರು ಬುಟ್ಟೋಗದೆ ಸಾ, ಅಂತ. ಎಲ್ಲಾ ನಕ್ರು." ಮುತ್ತಯ್ಯ ಆಗ ನಗುತ್ತಿರಲಿಲ್ಲ. "ಏಳಿದ್ರೆ ನಾನೇನು ಕಟ್ಟಾಕ್ತಿದ್ನಾ?"

ಊರ ಕಡೆಗೆ ಹೋಗುವ ಹನೂರಿನ ಬಸ್ಸು ಬಂತು. ಪುಟ್ಟಸಿದ್ದಯ್ಯ ಹತ್ತಿದ.

ದೊಡ್ಡಮಾದಪ್ಪ ಹಟ್ಟಿಯ ಮುಂದೆ ಕುಂಟೆಗೆ ಹಗ್ಗ ಬಿಗಿಯುತ್ತಿದ್ದ. ಮಗ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಅಷ್ಟು ಉದ್ದ ಮಾತನ್ನು ಅವನು ಅಪ್ಪನ ಹತ್ತಿರ ಎಂದೂ ಆಡಿರಲಿಲ್ಲ. ಮುದುಕ ಕೊನೆಯ ತನಕ ಕೇಳಿಸಿಕೊಂಡ.

"ಅಂದ್ರೆ ನಾನು ಅಲ್ಲಿ ಇಲ್ದೆಯ, ಇವ್ನಿ ಅಂತ ಎಬ್ಬೆಟ್ಟು ಒತ್ಬೇಕು."

"ಊಂ ಅಪ್ಪ."

"ಮಾದಪ್ಪನ ಬೆಟ್ಟ ಕಣ್ಣಿಗ್ ಕಾಣೋ ಊರ್ನಲ್ಲಿ ಕುಂತ್ಕಂಡು ಅದು ನನ್ ಕೈಲಾಗಕಿಲ್ಲ ಕಣ್ಲಾ ಮೊಗ." ಹಗ್ಗದ ಗಂಟನ್ನು ಹಲ್ಲಿನಿಂದ ಎಳೆದು ಬಿಗಿಮಾಡಿದ. "ನಾನು ನಿಜವಾಗ್ಲೂ ಬಂದು ಅಲ್ಲೇ ಇದ್ಬುಟ್ರೆ?"

ಪುಟ್ಟಸಿದ್ದಯ್ಯ ಅದನ್ನು ತಮಾಷೆ ಎಂದುಕೊಂಡ. ಆದರೆ ಮುಂದಿನ ಬುಧವಾರ ಸಂಜೆ ಅವನು ಆಟದ ಬಯಲಿನಿಂದ ಬರುವಾಗ, ಹೊಳೆಯ ಹಾದಿಯ ಕಲ್ಲುಮಂಟಪದಲ್ಲಿ ಅಪ್ಪ ಮೂರು ಕಲ್ಲು ಹೂಡಿ ಒಲೆ ಹಚ್ಚುತ್ತಿದ್ದ. ಪಕ್ಕದಲ್ಲಿ ಕಂಬಳಿ, ಒಂದು ಮಡಕೆ, ಒಂದು ಕುಡುಗೋಲು. ಹೊಲವನ್ನು ತಮ್ಮನಿಗೆ ಒಪ್ಪಿಸಿ ಬಂದಿದ್ದ.

"ರಾಗಿ ತಕಂಡು ಬಂದಿದ್ದೆ ಕಣ್ಲಾ," ಎಂದ. "ಗಡಿ ಸುಂಕದ ಕಟ್ಟೇಲಿ ಕಿತ್ಕಂಡ್ರು. ಕಾಳಿಗೆ ಕಂಟ್ರೋಲಂತೆ. ಆಳು ದಾಟ್ಬೋದಂತೆ, ರಾಗಿ ದಾಟಂಗಿಲ್ವಂತೆ. ಓಗ್ಲಿ, ಕೂಲಿ ಮಾಡಿ ತಿಂದ್ರಾಯ್ತು. ನಾಟಿ ಟೇಮಲ್ವಾ?"

ಮಗಳ ಮನೆ ಮಂಟಪದಿಂದ ಕೂಗಳತೆಯ ದೂರ. ಆದರೆ ದೊಡ್ಡಮಾದಪ್ಪ ಅಲ್ಲಿಗೆ ಹೋಗುವಂತಿರಲಿಲ್ಲ. ಕೊಟ್ಟ ಮಗಳಿಗೆ ಒಂದು ಮಗುವಾಗುವ ತನಕ ಹೆತ್ತವರು ಆ ಮನೆಯ ನೀರು ಮುಟ್ಟಬಾರದು, ಸೂರಿನಡಿ ಮಲಗಬಾರದು ಎಂಬುದು ಅವರ ಮನೆತನದ ನಡವಳಿಕೆ. ಮದುವೆಯಾಗಿ ನಾಲ್ಕು ವರ್ಷವಾದರೂ ಪುಟ್ಟಮಾದಮ್ಮನಿಗೆ ಮಕ್ಕಳಾಗಿರಲಿಲ್ಲ. ಅಪ್ಪ ದೂರದಲ್ಲಿದ್ದಷ್ಟು ದಿನ ಇದು ಬೀದಿಯವರ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಹೊಳೆಗೆ ಹೋಗುವ ಹೆಂಗಸರೆಲ್ಲ ನಿಂತು ನೋಡಿ ಹೋಗುವಂತಾಯಿತು. ಒಬ್ಬಳು ನೀರು ತುಂಬುತ್ತಾ, "ಅಪ್ಪ ಮಂಟ್ಪದಲ್ಲಿ, ಮಗ್ಳು ಮನೇಲಿ. ಏನ್ ಕೊರತೆಯೋ ಶಿವ್ನೇ ಬಲ್ಲ," ಎಂದಳು. ಪುಟ್ಟಮಾದಮ್ಮನಿಗೆ ಕೇಳಿಸಲೆಂದೇ ಹೇಳಿದ ಮಾತು.

ಅಂದು ಪುಟ್ಟಮಾದಮ್ಮ ಸೊಂಟದಲ್ಲಿ ಖಾಲಿ ಕೊಡ ಇಟ್ಟುಕೊಂಡೇ ಮಂಟಪಕ್ಕೆ ಬಂದಳು. ಮೆಟ್ಟಿಲು ಹತ್ತಲಿಲ್ಲ.

"ಯಾಕಪ್ಪ ಬಂದೆ ನೀನು? ನನ್ ಮಾನ ಆರಾಜು ಆಕಕ್ಕಾ?"

"ನಿನ್ ತಮ್ಮ ಆಡ್ಲಿ ಅಂತ ಬಂದೆ ಕಣವ್ವ."

"ಅವ್ನು ಆಡ್ದೇ ಇದ್ರೆ ಯಾವ್ ರಾಜ್ಯ ಮುಳುಗೋಯ್ತದೆ?"

ದೊಡ್ಡಮಾದಪ್ಪ ಒಲೆಯ ಕೊಳ್ಳಿಯನ್ನು ಒಳಕ್ಕೆ ತಳ್ಳಿದ. "ಇವ್ನು ಉಟ್ದಾಗಿಂದ ಬಾಯ್ಬುಟ್ಟು ಕ್ಯೋಳಿದ್ದು ಇದೊಂದೇ ಕಣವ್ವ. ಅವ್ವ ಸತ್ತಾಗ್ಲೂ ಏನೂ ಕ್ಯೋಳ್ನಿಲ್ಲ."

ಮಂಟಪದ ಹಿಂದೆ ನಿಂತಿದ್ದ ಪುಟ್ಟಸಿದ್ದಯ್ಯ ಅದನ್ನು ಕೇಳಿದ. ಅಂದು ಅವನು ಆಟಕ್ಕೆ ಹೋಗದೆ ಭಾವನ ತೋಟದಲ್ಲಿ ಸೊಪ್ಪಿನ ಗಿಡಗಳ ನಡುವೆ ಕೂತುಬಿಟ್ಟ. ಅಲ್ಲಿ ಕೂತರೆ ಯಾರಿಗೂ ಕಾಣುವುದಿಲ್ಲ. ಆಟ ಬೇಡವೆಂದು ಹೇಳಿಬಿಟ್ಟರೆ ಅಪ್ಪ ಊರಿಗೆ ಹೋಗುತ್ತಾನೆ, ಅಕ್ಕನ ಮಾನ ಉಳಿಯುತ್ತದೆ ಎಂಬುದು ಅವನಿಗೆ ತಿಳಿದಿತ್ತು. ತಿಳಿದೂ ಹೇಳಲಾಗಲಿಲ್ಲ. ಅಷ್ಟು ಆಸೆ ಅವನಿಗೆ.

ಇಪ್ಪತ್ತೆರಡು ದಿನ ದೊಡ್ಡಮಾದಪ್ಪ ಮಂಟಪದಲ್ಲಿದ್ದ. ಬೆಳಿಗ್ಗೆ ಗದ್ದೆ ಕೆಲಸ, ಸಂಜೆ ಬಯಲಿನ ಅಂಚಿನಲ್ಲಿ ಕೂತು ಮಗನ ಆಟ ನೋಡುವುದು. ಆಟದ ರೀತಿ ಅವನಿಗೆ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಮಗನನ್ನು ಯಾರಾದರೂ ಕಾಲು ಹಿಡಿದು ಕೆಡವಿದಾಗ ಅರ್ಧ ಎದ್ದು, ಮತ್ತೆ ಕೂರುತ್ತಿದ್ದ.

ಪಟ್ಟಿಯನ್ನು ಮತ್ತೆ ಕಳಿಸಬೇಕಾದ ಕಡೆಯ ದಿನ ಬಂತು. ಮಧ್ಯಾಹ್ನದ ಟಪಾಲಿಗೆ ಹೋಗದಿದ್ದರೆ ಈ ವರ್ಷದ ಮಾತು ಮುಗಿಯಿತು. ಬೆಳಿಗ್ಗೆ ಮುದ್ದೆ ಬಡಿಸುವಾಗ ಅಕ್ಕ ತಮ್ಮನಿಗೆ ಮೆಲ್ಲಗೆ ಹೇಳಿದಳು:

"ಪಟೇಲ್ರು ಕ್ಯೋಳುದ್ರೆ, ಅಪ್ಪ ನಮ್ಮನೇಲೇ ಅವ್ನೆ ಅಂತ ಏಳ್ಬುಡ್ಲಾ."

ಪುಟ್ಟಸಿದ್ದಯ್ಯ ತಲೆ ಎತ್ತಿದ.

"ಕಾಗ್ದದಲ್ಲಾದ್ರೂ ಅಪ್ಪ ನಮ್ಮನೇಲಿರ್ಲಿ," ಎಂದು ಅವಳು ಸಾರಿನ ಮಡಕೆಯ ಕಡೆ ತಿರುಗಿದಳು.

ಪಟೇಲ ಪುಟ್ಟಬಸಪ್ಪನವರ ಜಗುಲಿಯಲ್ಲಿ ಶಿವನಂಜಯ್ಯ ಆಗಲೇ ಪಟ್ಟಿ, ಲಕೋಟೆ ಹಿಡಿದುಕೊಂಡು ಕೂತಿದ್ದರು. ಕಂದಾಯದ ಕೆಲಸಕ್ಕೆ ಬಂದ ಏಳೆಂಟು ಜನರೂ ಇದ್ದರು. ಪಟೇಲರು ಒಳ್ಳೆಯವರು, ರುಜು ಹಾಕುವ ಮನಸ್ಸಿನಲ್ಲೇ ಪೆನ್ನು ಬಿಚ್ಚಿದರು.

"ದೊಡ್ಡಮಾದಪ್ಪ, ಈ ಊರಲ್ಲಿ ವಾಸ ಇದೀಯಲ್ವಾ?"

"ಊಂ ಬುದ್ಧಿ. ಇಪ್ಪತ್ತೆರಡು ದಿನಾಯ್ತು."

"ಯಾವ ಮನೇಲಿ?"

"ಮಂಟ್ಪದಲ್ಲಿ."

ಕೂತವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಪಟೇಲರು ಪೆನ್ನು ತಡೆದರು. "ಮಂಟಪ ದೇವರದು ಕಣಯ್ಯ, ಅದಕ್ಕೆ ಮನೆ ನಂಬರು ಎಲ್ಲಿಂದ ತರಲಿ? ಮಾದಸ್ವಾಮಿ ನಿನ್ನ ಅಳಿಯ ಅಲ್ವಾ? ಅವನ ಮನೇಲಿ ಅಂತ ಬರ್ಕೋತೀನಿ. ಏನಂತೀಯ?"

"ಆ ಮನೇಲಿ ನಾನು ಒಂದಿನಾನೂ ಕೈ ತೊಳ್ದಿಲ್ಲ ಬುದ್ಧಿ. ಎಂಗ್ ಬರುಸ್ಲಿ?"

"ಹೂಂ ಅನ್ನಯ್ಯ," ಎಂದರು ಶಿವನಂಜಯ್ಯ, ಕೂತಲ್ಲಿಂದಲೇ ಮುಂದಕ್ಕೆ ಬಾಗಿ. "ಒಂದು ಅಕ್ಷರದ ಮಾತು."

ದೊಡ್ಡಮಾದಪ್ಪ ಟವೆಲನ್ನು ಕಂಕುಳಲ್ಲಿ ಅವುಚಿಕೊಂಡು ಅಪರಾಧ ಮಾಡಿದವನ ಹಾಗೆ ನಿಂತಿದ್ದ. ಪಟೇಲರು ಮಗನ ಕಡೆ ತಿರುಗಿದರು. "ನೀನು ಓದಿದವನು. ನೀನು ಹೇಳಪ್ಪ. ನಿಮ್ಮಪ್ಪ ಇರೋದೆಲ್ಲಿ? ನೀನು ಹೇಳಿದ್ದನ್ನೇ ಬರೀತೀನಿ."

ಎಲ್ಲರೂ ಪುಟ್ಟಸಿದ್ದಯ್ಯನನ್ನು ನೋಡಿದರು. ಅಕ್ಕನ ಮನೆ ಎಂದರೆ ಸಾಕಿತ್ತು. ಮೈಸೂರಿನ ಕಣ, ಪಟ್ಟಿಯ ಮೊದಲ ಹೆಸರು, ಬೆಳಿಗ್ಗೆ ಅಕ್ಕ ಬೇಡಿದ್ದು, ಎಲ್ಲವೂ ಆ ಒಂದು ಮಾತಿನಲ್ಲಿ ಆಗಿಹೋಗುತ್ತಿತ್ತು. ಅವನು ಅಪ್ಪನ ಕಡೆ ನೋಡಿದ. ಅಪ್ಪ ಇವನನ್ನು ನೋಡುತ್ತಿರಲಿಲ್ಲ. ಜಗುಲಿಯ ಕಲ್ಲು ನೋಡುತ್ತಿದ್ದ. ಮಗ ಏನೇ ಹೇಳಿದರೂ ತಾನು ಇಲ್ಲವೆನ್ನುವುದಿಲ್ಲ ಎಂಬ ಹಾಗೆ ತಲೆ ತಗ್ಗಿಸಿಬಿಟ್ಟಿದ್ದ. ಹೊಲ ಬಿಟ್ಟು ಬಂದು, ಚಳಿಯಲ್ಲಿ ಕಲ್ಲಿನ ಮೇಲೆ ಮಲಗಿ, ಬೀದಿಯ ಮಾತು ಕೇಳಿ, ಸುಳ್ಳಾಗದಿರಲೆಂದು ಇಷ್ಟೆಲ್ಲ ಮಾಡಿದ ಮನುಷ್ಯನನ್ನು ಈಗ ಏಳೆಂಟು ಜನರ ಎದುರಿಗೆ ಸುಳ್ಳುಗಾರನನ್ನಾಗಿ ಮಾಡುವ ಅಧಿಕಾರ ಮಗನ ಕೈಗೆ ಬಂದಿತ್ತು.

"ಮಂಟ್ಪದಲ್ಲಿ," ಎಂದ ಪುಟ್ಟಸಿದ್ದಯ್ಯ.

ಪಟೇಲರು ಪೆನ್ನಿನ ಮುಚ್ಚಳ ತಿರುಗಿಸಿ ಜೇಬಿಗಿಟ್ಟುಕೊಂಡರು. ಶಿವನಂಜಯ್ಯ ಪಟ್ಟಿಯನ್ನು ಮೊಣಕಾಲ ಮೇಲೆ ಹರಡಿ, ಕೆಂಪು ಗೆರೆ ಇದ್ದ ಹೆಸರನ್ನು ಬಿಟ್ಟು ಹೊಸದಾಗಿ ಬರೆದರು. ಒಂಬತ್ತನೆಯ ಜಾಗಕ್ಕೆ ಚಿಕ್ಕಮಾದಪ್ಪ ಎಂಬ ಕೆಳತರಗತಿಯ, ನಾಲ್ಕನೆಯ ಫಾರಮ್ಮಿನ ಹುಡುಗನ ಹೆಸರು ಬಂತು. ಲಕೋಟೆಗೆ ಅಂಟು ಹಚ್ಚುವಾಗ ಮಾತ್ರ, "ಬಾಯಿ ಬಿಟ್ಟರೆ ಮುತ್ತು ಉದುರುತ್ತೆ ಅನ್ನೋ ಹುಡುಗ, ಇವತ್ತೇ ಬಾಯಿ ಬಿಡಬೇಕಾಗಿತ್ತೇನೋ," ಎಂದರು.

ಮಾರನೆಯ ದಿನ ದೊಡ್ಡಮಾದಪ್ಪ ಕಂಬಳಿ ಸುತ್ತಿಕೊಂಡು ಬಸ್ಸಿಗೆ ಬಂದ. ಅಪ್ಪ ಮಗ ಮರದ ಕೆಳಗೆ ನಿಂತಿದ್ದರು. "ಬತ್ತೀನಿ," ಎಂದ ದೊಡ್ಡಮಾದಪ್ಪ. ಬಸ್ಸು ಹೊರಟಾಗ ಕಿಟಕಿಯಿಂದ ಕೈ ಹೊರಹಾಕಿ ಮಗನ ಭುಜವನ್ನು ಒಂದು ಸಲ ಒತ್ತಿದ.

ಅಕ್ಕನ ಮನೆಯಲ್ಲಿ ಯಾರೂ ಬೈಯಲಿಲ್ಲ. ಪುಟ್ಟಮಾದಮ್ಮ ಎಂದಿನಂತೆ ಮುದ್ದೆ ಇಟ್ಟಳು, ಸಾರು ಬಿಟ್ಟಳು. ಆದರೆ "ಇನ್ನೊಂಚೂರು ಆಕ್ಸ್ಕೊ" ಎನ್ನುವುದನ್ನು ನಿಲ್ಲಿಸಿದಳು. ಜಗುಲಿಯಲ್ಲಿ ನಡೆದದ್ದು ಅವಳ ಕಿವಿಗೆ ಬಿದ್ದಿತ್ತು. ಅವನಿಗೂ ಅದು ಗೊತ್ತಿತ್ತು. ಎರಡು ತಿಂಗಳು ಹುಳಗಳು ಸೊಪ್ಪು ತಿನ್ನುವ ಸರಸರ ಸದ್ದೊಂದೇ ಆ ಮನೆಯಲ್ಲಿ ಜೋರಾಗಿ ಕೇಳುತ್ತಿತ್ತು.

ಆಟಕ್ಕೆ ಅವನು ತಪ್ಪದೆ ಹೋಗುತ್ತಿದ್ದ. ಶಿವನಂಜಯ್ಯ ಅವನನ್ನು ಎದುರು ಕಣದಲ್ಲಿ ಒಬ್ಬನೇ ನಿಲ್ಲಿಸಿ, ಪಟ್ಟಿಯಲ್ಲಿದ್ದವರಿಗೆ ಅವನನ್ನು ಹಿಡಿಯುವುದನ್ನು ಅಭ್ಯಾಸ ಮಾಡಿಸಿದರು. ಮೊದಮೊದಲು ಯಾರ ಕೈಗೂ ಸಿಗುತ್ತಿರಲಿಲ್ಲ. ದಿನಾ ಹಿಡಿದು ಹಿಡಿದು, ಕೊನೆಗೆ ಅವರು ಅವನ ಕಾಲಿನ ಮರ್ಮವನ್ನೆಲ್ಲ ಕಲಿತುಬಿಟ್ಟರು. ಆ ವರ್ಷ ಯಳಂದೂರಿನ ತಂಡ ಮೈಸೂರಿನಲ್ಲಿ ಎರಡು ಪಂದ್ಯ ಗೆದ್ದಿತು. ವಾಪಸು ಬಂದವರು ದೀಪಾಲಂಕಾರದ ಮಾತು, ಹೋಟೆಲಿನ ಮಸಾಲೆದೋಸೆಯ ಮಾತು, ಗೆದ್ದ ಮಾತು ಹೇಳಿದರು. ಪುಟ್ಟಸಿದ್ದಯ್ಯ ಎಲ್ಲವನ್ನೂ ಕೇಳಿದ. ಎಲ್ಲಿ ನಗಬೇಕೋ ಅಲ್ಲಿ ನಕ್ಕ. "ನೀನಿದ್ದಿದ್ರೆ ಕಪ್ಪೇ ತರ್ತಿದ್ವಿ ಕಣೋ ಮದ್ರಾಸು," ಎಂದ ಒಬ್ಬ, ಅವನನ್ನು ಸಮಾಧಾನ ಮಾಡಲು.

ಮುಂದಿನ ಜೂನ್‌ಗೆ ವರ್ಷ ತುಂಬಿತು. ಪಟ್ಟಿಯಲ್ಲಿ ಅವನ ಹೆಸರು ಬಂತು; ಈ ಸಲ ಕೆಂಪು ಗೆರೆ ಬರಲಿಲ್ಲ. ಮೈಸೂರಿನ ಕಣ ಅವನು ಕನಸು ಕಂಡದ್ದಕ್ಕಿಂತ ಚಿಕ್ಕದಾಗಿತ್ತು. ಎಲ್ಲ ಕಡೆಯ ಕಣದಷ್ಟೇ ಇತ್ತು. ಸುತ್ತ ನಿಂತ ನೂರಾರು ಜನರಲ್ಲಿ ಅವನ ಹೆಸರು ಬಲ್ಲವರು ಯಾರೂ ಇರಲಿಲ್ಲ. ಮೊದಲ ಪಂದ್ಯದಲ್ಲಿ ಐದು ಜನರನ್ನು ಔಟು ಮಾಡಿದ. ಎರಡನೆಯದರಲ್ಲಿ ಒಂದು ದೊಡ್ಡ ತಂಡ ಅವರನ್ನು ಸೋಲಿಸಿತು. ಸಂಜೆ ದೀಪ ನೋಡಲು ಎಲ್ಲರೂ ಹೋದಾಗ ಅವನೂ ಹೋಗಿ, ಜನಜಂಗುಳಿಯಲ್ಲಿ ತಪ್ಪಿಸಿಕೊಂಡು, ಒಬ್ಬನೇ ತಂಡ ಇಳಿದಿದ್ದ ಛತ್ರಕ್ಕೆ ಬಂದ.

ದಸರೆಯ ರಜೆಯಲ್ಲಿ ಅಜ್ಜೀಪುರಕ್ಕೆ ಹೋದ. ದೊಡ್ಡಮಾದಪ್ಪ ಅವರೆ ಸಾಲಿನಲ್ಲಿ ಕಳೆ ಕೀಳುತ್ತಿದ್ದ. ಮಗನೂ ಪಕ್ಕದ ಸಾಲು ಹಿಡಿದ.

"ಆಡುದ್ಯಾ?"

"ಆಡ್ದೆ ಅಪ್ಪ. ಒಂದು ಗೆದ್ವಿ, ಒಂದು ಸೋತ್ವಿ."

"ಒಳ್ಳೇದಾಯ್ತು."

ಇಬ್ಬರೂ ಸಾಲಿನ ತುದಿಯ ತನಕ ಮಾತಿಲ್ಲದೆ ಬಂದರು. ಅಲ್ಲಿ ದೊಡ್ಡಮಾದಪ್ಪ ಸೊಂಟ ನೆಟ್ಟಗೆ ಮಾಡಿಕೊಂಡು ಕೇಳಿದ:

"ನಿಂದು ಬುಟ್ಟು ಇನ್ನೊಬ್ಬ ಉಡ್ಗನ ಎಸ್ರು ಬರ್ಕಂಡ್ರಲ್ಲ ಆವತ್ತು, ಜಗುಲಿ ಮ್ಯಾಲೆ. ಅವ್ನೂ ಆಡುದ್ನಾ ಈ ಸಲ?"

ಪುಟ್ಟಸಿದ್ದಯ್ಯ ಕೈಯಲ್ಲಿದ್ದ ಕಳೆಯ ಬೇರಿನ ಮಣ್ಣು ಕೊಡವಿದ. ಈ ವರ್ಷದ ಪಟ್ಟಿಯನ್ನು ಮೇಷ್ಟ್ರು ಓದಿದ ದಿನ, ತನ್ನ ಹೆಸರು ಬಾರದ ಚಿಕ್ಕಮಾದಪ್ಪ ಬಯಲಿನಿಂದ ಬೇಗನೆ ಹೋಗಿಬಿಟ್ಟಿದ್ದ. ಆಮೇಲೆ ಆಟಕ್ಕೆ ಬಂದಿರಲಿಲ್ಲ. ಯಾಕೆ ಬರಲಿಲ್ಲವೆಂದು ಪುಟ್ಟಸಿದ್ದಯ್ಯ ಅವನನ್ನು ಕೇಳಿರಲೂ ಇಲ್ಲ.

"ಇಲ್ಲ ಅಪ್ಪ. ಒಂಬತ್ತೇ ಎಸ್ರು ಬರೆಯಾದು."

"ಊಂ," ಎಂದು ದೊಡ್ಡಮಾದಪ್ಪ ಮುಂದಿನ ಸಾಲಿಗೆ ಬಗ್ಗಿದ.